ಕ್ಯಾಂಪರ್ ವ್ಯಾನೋ, ಮೋಟರ್‌ಹೋಮೋ? ಎರಡರಲ್ಲೂ ಮಲಗಿ ಎದ್ದು ಬರೆದದ್ದು

ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಬಾಡಿಗೆಗೆ ತೆಗೆದುಕೊಳ್ಳುತ್ತೇವೆ ಎಂದರೆ ಎಲ್ಲರೂ ಮೊದಲು ಕೇಳುವುದು, "ಅಷ್ಟು ದೊಡ್ಡ ಗಾಡಿ ಓಡಿಸೋಕೆ ಬರುತ್ತಾ?" ಎಂದು. ಅರುವತ್ತು ದಾಟಿದ ಗಂಡ ಹೆಂಡತಿ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಪಕ್ಕದಲ್ಲಿದ್ದವರನ್ನು ಎಬ್ಬಿಸದೆ, ಮಂಡಿಯ ಮೇಲೆ ತೆವಳದೆ ಕಕ್ಕಸಿಗೆ ಹೋಗಿ ಬರಲು ಆಗುತ್ತದಾ? ಓಡಿಸುವುದನ್ನು ಮೂರು ನಾಲ್ಕು ದಿನದಲ್ಲಿ ಕಲಿಯಬಹುದು. ಮಂಚ ಎಲ್ಲಿದೆಯೋ ಅಲ್ಲೇ ಇರುತ್ತದೆ.

ನಿವೃತ್ತರಾದ ಮೇಲಿನ ನಮ್ಮ ಮೊದಲ ಉದ್ದನೆಯ ರಸ್ತೆ ಪ್ರವಾಸದಲ್ಲಿ ಒಂದೇ ಗಾಡಿಗೆ ಕಟ್ಟುಬೀಳುವುದು ಬೇಡ ಎಂದು ಮೊದಲ ಅರ್ಧಕ್ಕೆ ಕ್ಯಾಂಪರ್ ವ್ಯಾನ್ ತೆಗೆದುಕೊಂಡೆವು. ಅದನ್ನು ವಾಪಸು ಕೊಟ್ಟು ಉಳಿದರ್ಧಕ್ಕೆ ಮೋಟರ್‌ಹೋಮ್. ರಸ್ತೆಗಳು ಒಂದೇ ಥರದವು, ಹವೆಯೂ ಹೆಚ್ಚುಕಡಿಮೆ ಒಂದೇ. ಒಳಗಿದ್ದವರೂ ಅದೇ ಇಬ್ಬರು: ಆರಡಿ ಎತ್ತರದ, ಸೊಂಟ ಹಿಡಿದುಕೊಂಡಿರುವ ನಮ್ಮ ಯಜಮಾನರು, ಮಂಡಿ ನೋವಿನ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾನು. ಹಾಗಾಗಿ ಇದು ನಮ್ಮಂಥವರಿಗೆ ಬರೆದ ಹೋಲಿಕೆ. ಇಪ್ಪತ್ತೈದರ ಹುಡುಗ ಹುಡುಗಿ ಯಾವುದರಲ್ಲಿ ಮಲಗಿದರೂ ನಿದ್ದೆ ಮಾಡುತ್ತಾರೆ.

ಯಾವುದು ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಕ್ಯಾಂಪರ್ ವ್ಯಾನ್ ಎಂದರೆ ಸರಕು ಸಾಗಿಸುವ ಎತ್ತರದ ವ್ಯಾನಿನ ಒಳಗೇ ಮಂಚ, ಒಲೆ, ಕಕ್ಕಸು ಕೂರಿಸಿದ್ದು. ಫಿಯೆಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್ ಇವುಗಳ ಮೇಲೆ ಕಟ್ಟಿದವೇ ಹೆಚ್ಚು. ಇದು ಹೊಸ ಹುಚ್ಚೇನಲ್ಲ. ಫೋಕ್ಸ್‌ವ್ಯಾಗನ್ ವ್ಯಾನಿಗೆ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲೇ ಮಲಗುವ, ಅಡುಗೆ ಮಾಡುವ ಸಾಮಾನು ಕೂರಿಸಿ ಕೊಡಲು ಶುರುಮಾಡಿತ್ತು. ಮೋಟರ್‌ಹೋಮ್ ಎಂದು ನಾನು ಇಲ್ಲಿ ಕರೆಯುತ್ತಿರುವುದು ಮುಂಭಾಗ ಮಾತ್ರ ವ್ಯಾನಿನದಾಗಿ, ಹಿಂದೆ ಬೇರೆಯಾಗಿ ಕಟ್ಟಿದ ಡಬ್ಬಿಯಂಥ ಮನೆಯಿದ್ದು, ಡ್ರೈವರ್ ತಲೆಯ ಮೇಲೆ ಒಂದು ಗೂಡು ಮುಂದಕ್ಕೆ ಚಾಚಿಕೊಂಡಿರುವ ಗಾಡಿಯನ್ನು. ಅಮೆರಿಕದ ಲೆಕ್ಕದಲ್ಲಿ ವ್ಯಾನು ಕ್ಲಾಸ್ ಬಿ, ಇದು ಕ್ಲಾಸ್ ಸಿ, ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ. ಅಕ್ಷರದ ಕ್ರಮ ನೋಡಿ ಸಿ ಎಂದರೆ ಎಲ್ಲಕ್ಕಿಂತ ಚಿಕ್ಕದಿರಬೇಕು ಎಂದು ಬುಕ್ ಮಾಡೀರಿ ಮತ್ತೆ. ಚಿಕ್ಕದು ಬಿ.

ಸ್ಟೀರಿಂಗ್ ಹಿಂದೆ

ನಮ್ಮ ವ್ಯಾನು ಸುಮಾರು 6 ಮೀಟರ್ ಉದ್ದ, 2 ಮೀಟರಿಗೆ ತುಸು ಹೆಚ್ಚು ಅಗಲ. ಮೋಟರ್‌ಹೋಮ್ ಏಳೂವರೆ ಮೀಟರ್ ಹತ್ತಿರ, ಎತ್ತರ 3 ಮೀಟರ್ ದಾಟಿದ್ದು. ಕಾಗದದ ಮೇಲೆ ಒಂದೂವರೆ ಮೀಟರಿನ ವ್ಯತ್ಯಾಸ ಅಷ್ಟೇ. ರಸ್ತೆಯ ಮೇಲೆ ಅದು ಬೇರೆಯದೇ ಜಾತಿ.

ವ್ಯಾನನ್ನು ನಾನೂ ಓಡಿಸಿದೆ. ಕಾರಿಗಿಂತ ಎತ್ತರದಲ್ಲಿ ಕೂತಿರುತ್ತೇವೆ, ರಸ್ತೆ ಚೆನ್ನಾಗಿ ಕಾಣುತ್ತದೆ, ತಿರುವುಗಳಲ್ಲಿ ತುಸು ಅಗಲವಾಗಿ ಹೋದರಾಯಿತು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಭುಜ ಸಡಿಲವಾಯಿತು. ಮೋಟರ್‌ಹೋಮ್ ಸ್ಟೀರಿಂಗ್ ಮುಂದೆ ಒಂದು ಸಲ ಕೂತು, ಕನ್ನಡಿಯಲ್ಲಿ ಹಿಂದೆ ಕಾಣುವ ಗೋಡೆ ನೋಡಿ, ಇಳಿದು ಆ ಕಡೆ ಸೀಟಿಗೆ ಹೋಗಿ ಕೂತೆ. ಬಾಡಿಗೆ ಜಾಹೀರಾತುಗಳು ಹೇಳದ ಸಂಗತಿ ಇದು: ವ್ಯಾನಿನಲ್ಲಿ ಇಬ್ಬರು ಡ್ರೈವರುಗಳಿದ್ದೆವು, ಮೋಟರ್‌ಹೋಮಿನಲ್ಲಿ ಒಬ್ಬರೇ. ನಮ್ಮ ವಯಸ್ಸಿಗೆ ಎರಡು ಗಂಟೆಗೊಮ್ಮೆ ಸ್ಟೀರಿಂಗ್ ಬದಲಾಯಿಸಿಕೊಳ್ಳುವುದಕ್ಕೂ ಒಬ್ಬರೇ ಇಡೀ ದಿನ ಹಿಡಿದು ಕೂರುವುದಕ್ಕೂ ಬಹಳ ಅಂತರ. ಒಬ್ಬರಿಗೆ ಜ್ವರ ಬಂದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ ಎಂಬ ಯೋಚನೆ ಬೇರೆ.

ಮೋಟರ್‌ಹೋಮಿನ ತೊಂದರೆ ಉದ್ದಕ್ಕಿಂತ ಹೆಚ್ಚಾಗಿ ಬಾಲದ್ದು. ಹಿಂದಿನ ಚಕ್ರದಿಂದಾಚೆಗೆ ಮನೆಯ ಒಂದು ಭಾಗ ಹೊರಕ್ಕೆ ನೇತಾಡುತ್ತಿರುತ್ತದೆ. ಸ್ಟೀರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಆ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಪಂಪಿಗೆ ಒತ್ತಿ ನಿಲ್ಲಿಸಿ, ಹೊರಡುವಾಗ ಥಟ್ಟನೆ ಆಚೆ ತಿರುಗಿಸಿದರೆ ಬಾಲ ಪಂಪಿಗೇ ತಗಲುತ್ತದೆ. ಒಂದು ಗಾಡಿಯಷ್ಟು ನೇರ ಮುಂದಕ್ಕೆ ಹೋಗಿ ಆಮೇಲೆ ತಿರುಗಿಸಬೇಕು. ಯಜಮಾನರು ಇದನ್ನು ಬೇಗ ಮೈಗೂಡಿಸಿಕೊಂಡರು. ಗಾಳಿಗೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಆ ಚಪ್ಪಟೆ ಗೋಡೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ದೊಡ್ಡ ಲಾರಿ ಹಿಂದಿನಿಂದ ದಾಟುವಾಗ ಮೊದಲು ಗಾಡಿಯನ್ನು ಆಚೆಗೆ ನೂಕಿ, ಮರುಕ್ಷಣ ತನ್ನ ಕಡೆಗೆ ಎಳೆಯುತ್ತದೆ. ವ್ಯಾನಿನಲ್ಲೂ ಇದು ಗೊತ್ತಾಗುತ್ತದೆ, ಆದರೆ ಅಲ್ಲಿ ಒಂದು ಕೈಯಲ್ಲಿ ಸರಿಪಡಿಸಬಹುದು.

ಶಬ್ದದಲ್ಲೂ ವ್ಯಾನೇ ಮೇಲು. ಅದು ಕಾರ್ಖಾನೆಯಿಂದ ಇಡಿಯಾಗಿ ಬಂದ ಲೋಹದ ಮೈ. ಮೋಟರ್‌ಹೋಮಿನ ಮನೆ ಚೌಕಟ್ಟು, ಹಲಗೆ, ಫೈಬರ್ ಹಾಳೆ ಎಲ್ಲ ಸೇರಿಸಿ ಕಟ್ಟಿದ್ದು. ರಸ್ತೆ ಕೆಟ್ಟಿದ್ದರೆ ಪ್ರತಿ ಕೀಲೂ ಮಾತಾಡುತ್ತದೆ. ತಟ್ಟೆಗಳ ನಡುವೆ ಟವೆಲ್ ತುರುಕಿ, ಚಮಚದ ಡ್ರಾಯರಿಗೆ ಬಟ್ಟೆ ಹಾಸಿ, ಒಲೆಯ ಮೇಲಿನ ಕಬ್ಬಿಣದ ಜಾಲರಿಯನ್ನು ತೆಗೆದು ಹಾಸಿಗೆಯ ಮೇಲೆ ಇಟ್ಟ ಮೇಲೆ ಮುಂದೆ ಕೂತವರಿಬ್ಬರ ಮಾತು ಪರಸ್ಪರ ಕೇಳಿಸತೊಡಗಿತು.

ಇಂಧನದ ಲೆಕ್ಕ ಉದ್ದ ಮಾಡಬೇಕಿಲ್ಲ. ಡೀಸೆಲ್ ವ್ಯಾನು ಲೀಟರಿಗೆ ಒಂಬತ್ತರ ಆಸುಪಾಸು ಕಿಲೋಮೀಟರ್ ಕೊಟ್ಟಿತು, ಪೆಟ್ರೋಲ್ ಮೋಟರ್‌ಹೋಮ್ ಅದರರ್ಧ.

ರಾತ್ರಿ

ಇಲ್ಲಿಗೆ ಬರುವವರೆಗೆ ವ್ಯಾನು ಗೆದ್ದಂತೆಯೇ ಕಾಣುತ್ತಿತ್ತು. ಕತ್ತಲಾದ ಮೇಲೆ ಲೆಕ್ಕ ತಿರುಗುಮುರುಗಾಯಿತು.

ನಮ್ಮ ವ್ಯಾನಿನ ಮಂಚ ಹಿಂಬದಿಯಲ್ಲಿ ಅಡ್ಡಡ್ಡ ಹಾಕಿದ್ದು. ಅಂದರೆ ಒಬ್ಬರ ತಲೆ ಒಂದು ಬದಿಯ ಗೋಡೆಗೆ, ಕಾಲು ಇನ್ನೊಂದು ಬದಿಯ ಗೋಡೆಗೆ. ಬಾಡಿಗೆಯ ವ್ಯಾನುಗಳಲ್ಲಿ ಇದೇ ಹೆಚ್ಚು, ಯಾಕೆಂದರೆ ಉದ್ದದಲ್ಲಿ ಜಾಗ ಉಳಿಯುತ್ತದೆ. ಹೊರಗಿನಿಂದ 2 ಮೀಟರ್ ಅಗಲವಿದ್ದರೂ ತಗಡು, ಶಾಖ ತಡೆಯುವ ಪದರ, ಒಳಗಿನ ಹಲಗೆ ಎಲ್ಲ ಕಳೆದು, ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗುವುದನ್ನೂ ಲೆಕ್ಕ ಹಿಡಿದರೆ ಆರಡಿ ಮನುಷ್ಯನಿಗೆ ಕಾಲು ಚಾಚಲು ಒಂದು ಗೇಣೂ ಮಿಗುವುದಿಲ್ಲ. ಯಜಮಾನರು ಒಂದೋ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು, ಇಲ್ಲವೇ ಮಂಡಿ ಮಡಚಿಕೊಳ್ಳಬೇಕು. ಓರೆಯಾಗಿ ಮಲಗಿದರೆ ನನ್ನ ಪಾಲಿಗೆ ಉಳಿಯುವುದು ಒಂದು ತ್ರಿಕೋನ.

ಇಬ್ಬರಲ್ಲಿ ಒಬ್ಬರು ಹಿಂಬಾಗಿಲ ಕಡೆ, ಒಬ್ಬರು ನಡುದಾರಿಯ ಕಡೆ. ಹಿಂಬಾಗಿಲ ಕಡೆ ಮಲಗಿದವರು ಏಳಬೇಕಾದರೆ ಇನ್ನೊಬ್ಬರನ್ನು ದಾಟಿಯೇ ಹೋಗಬೇಕು. ಮಂಚದ ಕೆಳಗೆ ಸಾಮಾನು ಇಡಲು ಜಾಗ ಬಿಟ್ಟಿರುವುದರಿಂದ ಹಾಸಿಗೆ ನನ್ನ ಸೊಂಟದ ಎತ್ತರಕ್ಕೆ ಬರುತ್ತದೆ, ಮೇಲೆ ತಲೆಗೆ ಕಪಾಟು ತಾಗುತ್ತದೆ. ಕೂತುಕೊಂಡು ಹೋಗುವ ಹಾಗಿಲ್ಲ, ತೆವಳಬೇಕು. ತೆವಳಲು ಮಂಡಿಯೇ ಬೇಕು. ಕತ್ತಲಲ್ಲಿ ಅವರ ಹೊಟ್ಟೆಯ ಮೇಲೆ ಕೈ ಊರಿ, ಕಾಲು ಹುಡುಕಿ, ಇಳಿಯುವ ಮೆಟ್ಟಿಲ ಮೇಲೆ ಹೆಬ್ಬೆರಳು ಇಡುವಷ್ಟರಲ್ಲಿ ಇಬ್ಬರಿಗೂ ಪೂರ್ತಿ ಎಚ್ಚರ. ಜಾಗ ಬದಲಾಯಿಸಿಕೊಂಡು ಅವರು ಹಿಂಬಾಗಿಲ ಕಡೆ ಹೋದರು. ಅವರಿಗೂ ಬಿಪಿ ಮಾತ್ರೆ ಇದೆ, ಮೂತ್ರ ಹೆಚ್ಚಿಸುವ ಥರದ್ದು. ಹಾಗಾಗಿ ದಾಟುವವರು ಬದಲಾದರೇ ಹೊರತು ದಾಟುವುದು ತಪ್ಪಲಿಲ್ಲ.

ಮೋಟರ್‌ಹೋಮಿನಲ್ಲಿ ಮಂಚ ಹಿಂಬದಿಯಲ್ಲಿ ಉದ್ದಕ್ಕೆ, ನಡುವಿನಲ್ಲಿ. ಎರಡೂ ಪಕ್ಕ ಕಾಲಿಟ್ಟು ಇಳಿಯಲು ಜಾಗ. ಕಿರಿದೇ, ಪಕ್ಕಕ್ಕೆ ತಿರುಗಿ ನಡೆಯಬೇಕು, ಆದರೆ ನನ್ನದು ನನಗೆ, ಅವರದು ಅವರಿಗೆ. ಕಾಲು ಇಳಿಬಿಟ್ಟು ಕೂತು, ಗೋಡೆ ಹಿಡಿದು ಎದ್ದರೆ ಮೂರು ಹೆಜ್ಜೆಗೆ ಕಕ್ಕಸಿನ ಬಾಗಿಲು. ಮೊದಲ ರಾತ್ರಿ ಬೆಳಗಿನವರೆಗೂ ಅವರಿಗೆ ನಾನು ಎದ್ದದ್ದೇ ಗೊತ್ತಾಗಲಿಲ್ಲ. ನನಗೆ ಇಡೀ ಪ್ರವಾಸದಲ್ಲಿ ಸಿಕ್ಕ ದೊಡ್ಡ ಐಷಾರಾಮ ಇದೇ. ಡ್ರೈವರ್ ತಲೆಯ ಮೇಲಿನ ಗೂಡಿನಲ್ಲಿ ಇನ್ನೊಂದು ಹಾಸಿಗೆಯಿತ್ತು, ಏಣಿ ಹತ್ತಿ ಹೋಗಬೇಕು, ಹೋದರೂ ಎದ್ದು ಕೂರುವಷ್ಟು ಎತ್ತರವಿಲ್ಲ. ನಾವು ಅಲ್ಲಿ ಜಾಕೆಟ್ಟು, ಕೊಡೆ, ಕುರ್ಚಿಗಳನ್ನು ಮಲಗಿಸಿದೆವು. ಅದು ಇಬ್ಬರೇ ಹೋಗುವವರಿಗೆ ಬೇಕಿಲ್ಲದ ಗೂಡು. ಗಾಳಿಗೆ ಎದುರಾಗಿ ಪೆಟ್ರೋಲ್ ಕುಡಿಯುವ ಭಾಗವೂ ಅದೇ.

ವ್ಯಾನಿನ ಜಾರುಬಾಗಿಲಿನದು ಇನ್ನೊಂದು ಕಥೆ. ಎಷ್ಟು ಮೆಲ್ಲಗೆ ಎಳೆದರೂ ಕೊನೆಯಲ್ಲಿ ಧಡ್ ಎನ್ನದೆ ಕೂರುವುದಿಲ್ಲ. ನಸುಕಿನಲ್ಲಿ ಏಳುವ ಅಭ್ಯಾಸದ ಯಜಮಾನರು ಹೊರಗೆ ಹೋದದ್ದು ಪಕ್ಕದ ಗಾಡಿಗಳವರಿಗೂ ತಿಳಿಯುತ್ತಿತ್ತು.

ಕಕ್ಕಸು, ಬಚ್ಚಲು

ಈ ವಿಷಯವನ್ನು ಎಲ್ಲರೂ ಮೂಗು ಮುಚ್ಚಿಕೊಂಡು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ, ಏಕೆಂದರೆ ದಿನದ ಲಯವನ್ನು ನಿರ್ಧರಿಸುವುದೇ ಇದು.

ವ್ಯಾನಿನಲ್ಲಿ ಇದ್ದದ್ದು ಕ್ಯಾಸೆಟ್ ಕಕ್ಕಸು. ಕೂರುವ ಜಾಗದ ಕೆಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಹೊರಗಿನ ಚಿಕ್ಕ ಬಾಗಿಲು ತೆಗೆದು ಎಳೆದುಕೊಳ್ಳಬಹುದು. ಹಿಡಿಕೆ, ಚಕ್ರ ಎರಡೂ ಇರುವುದರಿಂದ ಟ್ರಾಲಿ ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಬಹುದು. ಹಿಡಿಯುವುದು ಹದಿನೆಂಟು ಇಪ್ಪತ್ತು ಲೀಟರ್. ಮೂತ್ರ ಹೆಚ್ಚಿಸುವ ಮಾತ್ರೆಯವರು ಒಬ್ಬರಿದ್ದರೆ ಎರಡನೆಯ ದಿನ ಸಂಜೆಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ತುಂಬಿದಾಗ ಇಪ್ಪತ್ತು ಕಿಲೋ. ಗೂಡಿನಿಂದ ನೆಲಕ್ಕೆ ಇಳಿಸುವಾಗ, ಸುರಿಯಲು ಮತ್ತೆ ಎತ್ತಿ ಬಗ್ಗಿಸುವಾಗ ಸೊಂಟ ಹಿಡಿದವರಿಗೆ ಅದು ಇಪ್ಪತ್ತಲ್ಲ, ನಲವತ್ತು. ನಾವು ಅರ್ಧ ತುಂಬಿದಾಗಲೇ, ದಿನಾ ಬೆಳಗ್ಗೆ, ಖಾಲಿ ಮಾಡತೊಡಗಿದೆವು. ಸುರಿಯುವಾಗ ಗಾಳಿಯಾಡುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಗುಳುಗುಳು ಎಂದು ಉಗುಳಿ ಚಪ್ಪಲಿಯ ಮೇಲೆ ಸಿಡಿಸುತ್ತದೆ.

ಮೋಟರ್‌ಹೋಮಿನಲ್ಲಿ ಕಕ್ಕಸಿನ ಟ್ಯಾಂಕು ಗಾಡಿಯ ಹೊಟ್ಟೆಯಲ್ಲೇ ಕೂತಿರುತ್ತದೆ, ನೂರು ಲೀಟರಿಗೂ ಹೆಚ್ಚು. ಇಬ್ಬರಿಗೆ ವಾರ ನಡೆಯುತ್ತದೆ. ಎತ್ತುವ ಮಾತೇ ಇಲ್ಲ, ದಪ್ಪ ಪೈಪು ಜೋಡಿಸಿ ಹಿಡಿಕೆ ಎಳೆದರೆ ಹರಿದು ಹೋಗುತ್ತದೆ. ಮೊದಲು ಕಕ್ಕಸಿನದು ಬಿಡಬೇಕು, ಆಮೇಲೆ ಬಚ್ಚಲು ನೀರಿನದು. ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕ್ಯಾಂಪಿನಲ್ಲಿ, ಅಂದರೆ ಇಂಥ ಗಾಡಿಗಳು ರಾತ್ರಿ ತಂಗುವ ಜಾಗದಲ್ಲಿ, ನಾಲ್ಕು ದಿನ ಪೈಪು ಸಿಕ್ಕಿಸಿಕೊಂಡು ನಿಂತಿದ್ದೇವೆ, ಹಿಡಿಕೆ ತೆರೆದೇ ಇರಲಿ ಎನ್ನುವುದು ಸಲ್ಲದು. ನೀರೆಲ್ಲ ಹರಿದು ಹೋಗಿ ಗಟ್ಟಿಯಾದದ್ದು ಒಳಗೇ ಗುಡ್ಡೆ ಕಟ್ಟುತ್ತದೆ. ಮುಚ್ಚಿಟ್ಟು, ಟ್ಯಾಂಕು ಸಾಕಷ್ಟು ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು, ಖಾಲಿ ಮಾಡಿದ ಕೂಡಲೇ ಒಂದಷ್ಟು ನೀರು ಸುರಿದಿಡಬೇಕು.

ಹಾಗಾದರೆ ಟ್ಯಾಂಕೇ ಮೇಲಲ್ಲವೇ? ಸೊಂಟಕ್ಕೆ ಹೌದು. ಆದರೆ ನಿಂತಲ್ಲೇ ಪೈಪು ಸಿಕ್ಕಿಸುವ ಅನುಕೂಲ ಇಲ್ಲದ ಕಡೆ ಅದನ್ನು ಬಿಡಲು ಅದಕ್ಕೆಂದೇ ಕಟ್ಟಿದ ಜಾಗಕ್ಕೆ ಗಾಡಿಯೇ ಹೋಗಬೇಕು, ಬೇರೆ ಗಾಡಿಗಳ ಹಿಂದೆ ಸಾಲು ನಿಲ್ಲಬೇಕು. ಕ್ಯಾಸೆಟ್ಟನ್ನಾದರೆ ಗಾಡಿ ಅಲುಗಾಡಿಸದೆ ನಡೆದು ಹೋಗಿ ಖಾಲಿ ಮಾಡಿ ಬರಬಹುದು. ದಿನಕ್ಕೊಂದು ಊರು ಎಂದು ಓಡುವವರಿಗೆ ಕ್ಯಾಸೆಟ್ಟು ಹಿಂಸೆಯಲ್ಲ. ಎತ್ತಲಾಗದವರಿಗೆ ಮಾತ್ರ ಅದು ಬೇಡ.

ಸ್ನಾನದ ವಿಷಯದಲ್ಲಿ ಚರ್ಚೆಯೇ ಇಲ್ಲ. ವ್ಯಾನಿನಲ್ಲಿ ಕಕ್ಕಸೂ ಬಚ್ಚಲೂ ಒಂದೇ ಗೂಡು, ಮೊಣಕೈ ಅಗಲಿಸಿದರೆ ಎರಡು ಗೋಡೆಗೂ ತಾಗುತ್ತದೆ. ಸ್ನಾನವಾದ ಮೇಲೆ ಗೋಡೆ, ಕನ್ನಡಿ, ಕೂರುವ ಜಾಗ ಎಲ್ಲ ಒರೆಸಬೇಕು. ಒರೆಸದಿದ್ದರೆ ರಾತ್ರಿ ಎರಡಕ್ಕೆ ಒದ್ದೆ ನೆಲದ ಮೇಲೆ ಕಾಲು. ವಯಸ್ಸಾದವರಿಗೆ ಇದು ಅನಾನುಕೂಲದ ವಿಷಯವಲ್ಲ, ಜಾರಿ ಬೀಳುವ ವಿಷಯ. ಮೋಟರ್‌ಹೋಮಿನಲ್ಲಿ ಸ್ನಾನದ ಜಾಗ ಬೇರೆ. ಬಿಸಿನೀರೂ ಹೆಚ್ಚು: ವ್ಯಾನಿನದು 10 ಲೀಟರ್, ಇದರದು 20 ದಾಟಿತ್ತು. ಎರಡರಲ್ಲೂ ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸುವ ಶಿಸ್ತು ಬೇಕೇ ಬೇಕು. ಖರ್ಚಾಗುವ ಶುದ್ಧ ನೀರಿಗಿಂತ ತುಂಬಿಬರುವ ಬಚ್ಚಲು ನೀರಿನ ಟ್ಯಾಂಕೇ ಮೊದಲು ತಕರಾರು ತೆಗೆಯುವುದು.

ನನ್ನ ಇನ್ಸುಲಿನ್, ಅವರ ಮಜ್ಜಿಗೆ

ಬಳಸದೆ ಇಟ್ಟ ಇನ್ಸುಲಿನ್ ಪೆನ್ನುಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಬಾರದು. ಹಾಗಾಗಿ ಫ್ರಿಜ್ಜನ್ನು ನಾನು ಅಡುಗೆಯ ಕಣ್ಣಿನಿಂದ ನೋಡಲೇ ಇಲ್ಲ. ಇಪ್ಪತ್ತು ರೂಪಾಯಿಯದೋ ಇನ್ನೂರರದೋ, ಒಂದು ಥರ್ಮಾಮೀಟರನ್ನು ಒಳಗಿಟ್ಟು ಬೆಳಗ್ಗೆ ಸಂಜೆ ನೋಡುತ್ತಿದ್ದೆ.

ವ್ಯಾನಿನಲ್ಲಿ ಇದ್ದದ್ದು ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಇರುವ, 12 ವೋಲ್ಟ್ ಬ್ಯಾಟರಿಯಿಂದ ನಡೆಯುವಂಥದ್ದು. ಬೇಗ ತಣ್ಣಗಾಗುತ್ತದೆ, ಗಾಡಿ ಓರೆ ನಿಂತರೂ ಅದಕ್ಕೇನೂ ಇಲ್ಲ, ಮಧ್ಯಾಹ್ನದ ಬಿಸಿಲಿಗೂ ಮುಳ್ಳು 5ರ ಆಚೀಚೆಯೇ. ರಾತ್ರಿ ಆಗಾಗ ಗುಂಯ್ ಎಂದು ಶುರುವಾಗುತ್ತದೆ, ಮಂಚ ಎರಡು ಮೊಳ ದೂರದಲ್ಲಿದ್ದರೆ ಅದು ಕೇಳಿಸದೆ ಇರದು. ಬ್ಯಾಟರಿಯನ್ನೂ ತಿನ್ನುತ್ತದೆ. ಎಂಜಿನ್ ದಿನಾ ಒಂದಷ್ಟು ಹೊತ್ತು ಓಡಿದರೆ ಚಿಂತೆಯಿಲ್ಲ. ನಿಂತಲ್ಲೇ ನಿಂತರೆ ಸೋಲಾರ್ ಹಲಗೆ ಬೇಕು, ಇಲ್ಲವೇ ಕ್ಯಾಂಪಿನ ಕರೆಂಟಿಗೆ ಸಿಕ್ಕಿಸಬೇಕು. ಒಳಗಿರುವುದು ಲಿಥಿಯಂ ಬ್ಯಾಟರಿಯೋ ಹಳೆಯ ಸೀಸದ್ದೋ ಎಂದು ಕೇಳಿಟ್ಟುಕೊಳ್ಳಿ. ಸೀಸದ್ದಾದರೆ 100 ಆಂಪಿಯರ್ ಅವರ್ ಎಂದು ಬರೆದಿದ್ದರೂ ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ.

ಮೋಟರ್‌ಹೋಮಿನ ಫ್ರಿಜ್ಜು ಬೇರೆ ಜಾತಿಯದು. ಅದು ಗ್ಯಾಸಿನ ಸಣ್ಣ ಉರಿಯಿಂದ, ಅಂದರೆ ಬಿಸಿಯಿಂದ, ತಣ್ಣಗಾಗುತ್ತದೆ. ಬಾಲ್ಟ್‌ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬಿಬ್ಬರು ಸ್ವೀಡನ್ನಿನಲ್ಲಿ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ, 1922ರಲ್ಲಿ ರೂಪಿಸಿದ ಉಪಾಯ. ತಿರುಗುವ ಭಾಗವೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಒಳಗಿನ ಅಮೋನಿಯಾ ಮತ್ತು ನೀರಿನ ದ್ರಾವಣ ತನ್ನ ಭಾರದಿಂದಲೇ ಇಳಿದು ಸುತ್ತಬೇಕು. ಗಾಡಿ ಓರೆ ನಿಂತರೆ ಅದು ಎಲ್ಲೋ ಮಡುಗಟ್ಟಿ ತಣಿಸುವುದು ನಿಲ್ಲುತ್ತದೆ. ಬೆಳಗ್ಗೆ ಹೊರಡಬೇಕಾದರೆ ಹಿಂದಿನ ರಾತ್ರಿಯೇ ಹಚ್ಚಿಡಬೇಕು. ಬಿಸಿಲು ಹೆಚ್ಚಿದ ಮಧ್ಯಾಹ್ನ ನನ್ನ ಮುಳ್ಳು 10ಕ್ಕೆ ಹೋಗಿತ್ತು, ತಣ್ಣನೆಯ ರಾತ್ರಿಯಲ್ಲಿ ಹಿಂಬದಿಯ ಲೋಹದ ಪಟ್ಟಿಗಳ ಮೇಲೆ ಮಂಜು ಕಟ್ಟಿತ್ತು. ಪೆನ್ನುಗಳನ್ನು ಆ ಪಟ್ಟಿಗಳಿಂದ ದೂರ, ಒಂದು ಡಬ್ಬಿಯಲ್ಲಿ, ಬಾಗಿಲಿನದಲ್ಲದ ನಡುವಿನ ತಟ್ಟೆಯಲ್ಲಿ ಇಟ್ಟೆ. ಮಜ್ಜಿಗೆಗೆ ಈ ಫ್ರಿಜ್ಜು ಸಾಕು. ಔಷಧಿ ಇರುವವರಿಗೆ ಕಂಪ್ರೆಸರ್ ಇರುವುದೇ ಬೇಕು, ಗುಂಯ್ ಎಂದರೂ ಸರಿ. ಈಗ ಹೊಸ ಮೋಟರ್‌ಹೋಮುಗಳಲ್ಲೂ ಅದೇ ಬರುತ್ತಿದೆ, ಬುಕ್ ಮಾಡುವಾಗ ಕೇಳಿ.

ಏಸಿ ಎರಡರಲ್ಲೂ ಕ್ಯಾಂಪಿನ ಕರೆಂಟಿದ್ದಾಗ ಮಾತ್ರ. ಮೋಟರ್‌ಹೋಮಿನಲ್ಲಿ ಜನರೇಟರ್ ಇತ್ತು, ಅದರ ಸದ್ದಿನಲ್ಲಿ ಮಲಗುವುದಕ್ಕಿಂತ ಬೆವರುವುದೇ ವಾಸಿ ಎನಿಸಿತು.

ಗ್ಯಾಸ್ ಸೋರಿದರೆ ಕೂಗುವ ಸಾಧನ ಎರಡರಲ್ಲೂ ನೆಲದ ಹತ್ತಿರವೇ ಇತ್ತು. ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಅಲ್ಲೇ ಇರಬೇಕು. ಅದರ ಮುಂದೆ ಚಪ್ಪಲಿ, ಚೀಲ ಒಟ್ಟಬೇಡಿ.

ನಿಲ್ಲಿಸುವುದು, ಎಬ್ಬಿಸುವುದು

ಫ್ರಿಜ್ಜಿಗಾಗಿ, ನಿದ್ದೆಗಾಗಿ ಗಾಡಿ ಮಟ್ಟಸವಾಗಿ ನಿಲ್ಲಬೇಕು. ಅದಕ್ಕೆ ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಇಳಿಜಾರು ಹಲಗೆಗಳನ್ನು ಕೊಟ್ಟಿರುತ್ತಾರೆ. ವ್ಯಾನನ್ನು ತುಸು ಹಿಂದೆ ಮುಂದೆ ಮಾಡಿ ಚಪ್ಪಟೆ ಜಾಗ ಹುಡುಕಿದರೆ ಹಲಗೆ ಹೊರತೆಗೆಯುವ ಅಗತ್ಯವೇ ಅಪರೂಪ. ಮೋಟರ್‌ಹೋಮಿನಲ್ಲಿ ಅದು ಸಂಜೆಯ ನಿತ್ಯವಿಧಿ. ಅವರು ಒಳಗೆ, ನಾನು ಹಿಂದೆ ಕೈ ಬೀಸುತ್ತಾ.

"ರೀ, ಎಡಕ್ಕೆ, ಎಡಕ್ಕೆ!"

"ಯಾರ ಎಡಕ್ಕೇ? ನಿನ್ನದೋ ನನ್ನದೋ?"

"ನಿಮ್ಮದೇ! ಸಾಕು, ಸಾಕು ಅಂದ್ನಲ್ಲ!"

"ಸಾಕು ಅಂದರೆ ನಿಲ್ಲಿಸೋದೋ, ತಿರುಗಿಸೋದು ಸಾಕೋ?"

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಇದು ಉಚಿತ ಮನರಂಜನೆ, ನಾವೂ ಮುಂದೆ ಬೇರೆಯವರದನ್ನು ಹಾಗೇ ನೋಡಿದೆವು. ಕೊನೆಗೆ ಫೋನಿನಲ್ಲಿ ಮಾತಾಡಿಕೊಳ್ಳುವುದು, ಎಡ ಬಲದ ಬದಲು "ಡ್ರೈವರ್ ಕಡೆ", "ನನ್ನ ಸೀಟಿನ ಕಡೆ" ಎನ್ನುವುದು ಎಂದು ಗೊತ್ತುಮಾಡಿಕೊಂಡೆವು. ಕನ್ನಡಿಯಲ್ಲಿ ನಾನು ಕಾಣದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು ಎಂಬ ನಿಯಮವೂ ಸೇರಿತು. ಕತ್ತಲಾಗುವ ಮೊದಲೇ ತಲುಪಿದರೆ ಅರ್ಧ ಜಗಳ ಕಡಿಮೆ.

ಒಮ್ಮೆ ಹಾಗೆ ನಿಲ್ಲಿಸಿದ ಮೋಟರ್‌ಹೋಮನ್ನು ಒಂದು ಹಾಲಿನ ಪ್ಯಾಕೆಟ್ಟಿಗಾಗಿ ಯಾರು ಎಬ್ಬಿಸುತ್ತಾರೆ? ಕರೆಂಟಿನ ವೈರು ಬಿಚ್ಚಬೇಕು, ನೀರಿನ ಪೈಪು ತೆಗೆಯಬೇಕು, ಗಾಜು ಪಿಂಗಾಣಿ ಒಳಗಿಡಬೇಕು, ಮೇಲಿನ ಕಿಟಕಿಗಳನ್ನು ಮುಚ್ಚಬೇಕು, ಮೆಟ್ಟಿಲು ಮಡಚಬೇಕು, ವಾಪಸು ಬಂದು ಮತ್ತೆ ಹಲಗೆ. ನಾವು ಅಂಗಡಿ ಹತ್ತಿರವಿದ್ದರೆ ನಡೆದೆವು, ದೂರವಿದ್ದರೆ ಇದ್ದುದರಲ್ಲೇ ಸುಧಾರಿಸಿದೆವು. ವ್ಯಾನಿನಲ್ಲಿ ಇದೇ ಕೆಲಸ ಒಂದು ವೈರು ಬಿಚ್ಚುವಷ್ಟು. ದಾರಿಯಲ್ಲಿ ಕೆರೆ ಕಂಡರೆ ನಿಲ್ಲಿಸಿ, ಟೀ ಕಾಸಿ ಕುಡಿದು, ಮುಂದಿನ ಸೀಟುಗಳನ್ನು ಹಿಂದಕ್ಕೆ ತಿರುಗಿಸಿಕೊಂಡು ಅರ್ಧ ಗಂಟೆ ಕೂತು ಹೊರಟದ್ದು ವ್ಯಾನಿನಲ್ಲೇ. ಮೋಟರ್‌ಹೋಮಿನಲ್ಲಿ ಅಂಥ ಜಾಗಗಳನ್ನು ಕಿಟಕಿಯಿಂದ ನೋಡುತ್ತಾ ದಾಟಿದೆವು, ಇಷ್ಟುದ್ದದ್ದನ್ನು ನಿಲ್ಲಿಸಲು ಎಡೆಯಿರಲಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಒಂದೆಡೆ ಎಷ್ಟು ರಾತ್ರಿ ನಿಲ್ಲುತ್ತೀರಿ ಎಂದು. ದಿನವೂ ಹೊರಡುವವರಾದರೆ ವ್ಯಾನು. ಮೂರು ನಾಲ್ಕು ದಿನ ಬೇರೂರಿ ಕೂರುವವರಾದರೆ ಮೋಟರ್‌ಹೋಮ್. ಒಳಗೆ ಇಬ್ಬರೂ ಏಕಕಾಲಕ್ಕೆ ನಿಂತು ಓಡಾಡಬಹುದು, ಮಳೆ ಹಿಡಿದ ದಿನ ಅವರು ಒಂದು ಮೂಲೆಯಲ್ಲಿ, ನಾನು ಇನ್ನೊಂದು ಮೂಲೆಯಲ್ಲಿ ಮಾತಿಲ್ಲದೆ ಇರಬಹುದು. ದಾಂಪತ್ಯಕ್ಕೆ ಅದೂ ಬೇಕು. ವ್ಯಾನಿನಲ್ಲಿ ಮಳೆ ಬಂದರೆ ಒಬ್ಬರು ನಿಂತಿರುವಾಗ ಇನ್ನೊಬ್ಬರು ಕೂತಿರಲೇಬೇಕು.

ಕಾರಿನ ಹಿಂದೆ ಎಳೆಯುವ ಟ್ರೇಲರ್ ಹೇಗೆ ಎಂದು ಕೇಳುವವರಿದ್ದಾರೆ. ಬಾಡಿಗೆ ಅಂಗಳದಲ್ಲಿ ಅದನ್ನು ಜೋಡಿಸುವುದನ್ನು ನೋಡಿ, ಖಾಲಿ ಜಾಗದಲ್ಲಿ ಒಮ್ಮೆ ರಿವರ್ಸ್ ತೆಗೆದು ನೋಡಿ ಅಲ್ಲಿಗೇ ಬಿಟ್ಟೆವು. ಮನೆಯನ್ನು ಕ್ಯಾಂಪಿನಲ್ಲಿ ಬಿಟ್ಟು ಕಾರಿನಲ್ಲಿ ತಿರುಗಬಹುದು ಎನ್ನುವುದು ದೊಡ್ಡ ಅನುಕೂಲವೇ. ಆದರೆ ರಿವರ್ಸಿನಲ್ಲಿ ಸ್ಟೀರಿಂಗ್ ಉಲ್ಟಾ, ಕೊಂಡಿಯ ಮೇಲೆ ಸರಿಯಾದ ಭಾರ ಬೀಳದಿದ್ದರೆ ವೇಗದಲ್ಲಿ ಬಾಲ ಅಲ್ಲಾಡುತ್ತದೆ, ಜೋಡಿಸಲು ಬಿಚ್ಚಲು ಪ್ರತಿಸಲ ಬಗ್ಗಬೇಕು. ಕಲಿತವರಿಗೆ ಚಂದ. ಮೊದಲ ಪ್ರವಾಸಕ್ಕೆ ಬೇಡ.

ಬುಕ್ ಮಾಡುವ ಮೊದಲು

ಬಾಡಿಗೆಯವರು ಕಳಿಸುವ ಫೋಟೋಗಳೆಲ್ಲ ಅಗಲ ಲೆನ್ಸಿನವು, ಬಚ್ಚಲೂ ಹಾಲಿನಂತೆ ಕಾಣುತ್ತದೆ. ನೆಲದ ನಕ್ಷೆ ಕೇಳಿ, ಹಾಸಿಗೆಯ ಒಳ ಅಳತೆ ಸೆಂಟಿಮೀಟರಿನಲ್ಲಿ ಕೇಳಿ. ಹಾಸಿಗೆ ನೆಲದಿಂದ ಎಷ್ಟು ಎತ್ತರ, ಇಳಿಯಲು ಎಷ್ಟು ಮೆಟ್ಟಿಲು ಎಂದೂ ಕೇಳಿ. ಸಾಧ್ಯವಾದರೆ ಅಂಗಳಕ್ಕೇ ಹೋಗಿ ಇಬ್ಬರೂ ಚಪ್ಪಲಿ ಬಿಚ್ಚಿ ಮಲಗಿ, ಒಳಗಡೆಯವರು ಕಣ್ಣು ಮುಚ್ಚಿಕೊಂಡು ಎದ್ದು ಕಕ್ಕಸಿನ ಬಾಗಿಲು ಮುಟ್ಟಿ ಬರಲಿ. ಅಲ್ಲಿನ ಹುಡುಗರು ನಕ್ಕರೆ ನಗಲಿ.

ಕರಾರಿನಲ್ಲಿ ಇನ್ಶೂರೆನ್ಸ್ ಭಾಗವನ್ನು ಕನ್ನಡಕ ಹಾಕಿಕೊಂಡೇ ಓದಬೇಕು. ಚಾವಣಿಗೆ, ಗಾಡಿಯ ಅಡಿಗೆ ಆದ ಪೆಟ್ಟನ್ನು ಅನೇಕ ಕರಾರುಗಳು ಹೊರಗಿಡುತ್ತವೆ. ಮೂರು ಮೀಟರ್ ದಾಟಿದ ಗಾಡಿಗೆ ಮರದ ಕೊಂಬೆ, ಬಂಕಿನ ಚಾವಣಿ, ಪಾರ್ಕಿಂಗಿನ ಕಬ್ಬಿಣದ ತೊಲೆಯೇ ಶತ್ರು. ಗಾಡಿಯ ಎತ್ತರವನ್ನು ದೊಡ್ಡ ಅಂಕಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿದೆವು. ದಿನಕ್ಕೆ ಎಷ್ಟು ಕಿಲೋಮೀಟರ್ ಮಿತಿ, ಜನರೇಟರಿಗೆ ಗಂಟೆಯ ಲೆಕ್ಕ ಇದೆಯೇ, ಚಾಲಕರ ವಯಸ್ಸಿಗೆ ಮೇಲಿನ ಮಿತಿ ಇದೆಯೇ ಎಂಬುದು ನಮ್ಮಂಥವರು ಮೊದಲೇ ಕೇಳಬೇಕಾದ್ದು. ಮಾಮೂಲಿ ಕಾರಿನ ಲೈಸೆನ್ಸು ಎಷ್ಟು ತೂಕದವರೆಗೆ ನಡೆಯುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಎಷ್ಟೋ ಕಡೆ ಅದು 3,500 ಕಿಲೋ. ನೂರು ಲೀಟರ್ ನೀರು ತುಂಬಿಕೊಂಡರೆ ಅದೇ ನೂರು ಕಿಲೋ ಎಂಬುದನ್ನು ಮರೆಯಬಾರದು.

ಗಾಡಿ ಕೈಗೆ ಕೊಡುವಾಗ ಅವರು ಪಟಪಟ ತೋರಿಸಿ ಮುಗಿಸುತ್ತಾರೆ. ಮೋಟರ್‌ಹೋಮ್ ಕೊಟ್ಟವರಂತೂ ಟ್ಯಾಂಕಿನ ಹಿಡಿಕೆಗಳನ್ನು ದೂರದಿಂದ ಬೆರಳು ಮಾಡಿ ತೋರಿಸಿ ಹೊರಟೇಬಿಟ್ಟಿದ್ದರು. ಕರೆದು, ಪೈಪು ನಾವೇ ಜೋಡಿಸಿ, ಒಲೆ ನಾವೇ ಹೊತ್ತಿಸಿ, ಮಂಚ ನಾವೇ ಬಿಚ್ಚಿ ಹಾಕಿ, ಅಷ್ಟನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡ ಮೇಲೆ ಕೀಲಿಕೈ ತೆಗೆದುಕೊಂಡೆವು.

ನಮ್ಮಿಬ್ಬರ ತೀರ್ಪು ಒಂದಾಗಲಿಲ್ಲ. ಮೋಟರ್‌ಹೋಮ್ ಓಡಿಸಿ ಕೈ ನೋಯಿಸಿಕೊಂಡ ಯಜಮಾನರೇ ಅದರ ಮಂಚಕ್ಕೆ ಮರುಳಾಗಿದ್ದಾರೆ. ಆ ಮಂಚದಲ್ಲಿ ಎಲ್ಲರಿಗಿಂತ ಸುಖವಾಗಿ ಮಲಗಿದ ನನಗೆ ಸ್ಟೀರಿಂಗ್ ಹಿಡಿಯಬಹುದಾದ ವ್ಯಾನೇ ಬೇಕು. ಮುಂದಿನ ಸಲಕ್ಕೆ ಮಧ್ಯದ ದಾರಿಯೊಂದು ಸಿಕ್ಕಿದೆ: ಅದೇ ಬಗೆಯ ವ್ಯಾನಿನಲ್ಲಿ ತುಸು ಉದ್ದದ್ದು, ಡುಕಾಟೊದಲ್ಲಾದರೆ 6.36 ಮೀಟರಿನದು. ಅದರಲ್ಲಿ ಅಡ್ಡ ಮಂಚದ ಬದಲು ಎರಡು ಪಕ್ಕಕ್ಕೆ ಉದ್ದಕ್ಕೆ ಒಂದೊಂದು ಮಂಚ, ನಡುವೆ ಓಡಾಡುವ ದಾರಿ. ಹಾಸಿಗೆ ಎತ್ತರವೇ, ಹತ್ತಲು ಮೆಟ್ಟಿಲಿದೆ, ಬಚ್ಚಲು ಅದೇ ಇಕ್ಕಟ್ಟಿನದು. ಆದರೆ ಯಾರೂ ಯಾರನ್ನೂ ದಾಟಬೇಕಿಲ್ಲ, ಯಜಮಾನರ ಕಾಲೂ ಹಿಡಿಸುತ್ತದೆ. ಬಾಡಿಗೆಯವರಿಗೆ ನಕ್ಷೆ ಕಳಿಸಿ ಎಂದು ಬರೆದಿದ್ದೇನೆ. ಫ್ರಿಜ್ಜು ಯಾವುದೆಂದೂ ಕೇಳಿದ್ದೇನೆ.